ಹೊರಾಂಗಣ ದೀಪಾಲಂಕಾರಕ್ಕೆ ಮೂರು ಸಾವಿರದೊಳಗೆ ಕೇಬಲ್, ಎಕ್ಸ್‌ಟೆನ್ಷನ್: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?

ಮಂಗಲಪೇಟೆ ಮನೆ (ಬೀದರ್)

ಎಲ್ಲರಿಗೂ ನಮಸ್ಕಾರ. ನಮ್ಮದು ಬೀದರಿನ ಮಂಗಲಪೇಟೆ. ಡಿಸೆಂಬರ್ ಮೊದಲ ವಾರದಲ್ಲಿ ನಕ್ಷತ್ರ ಕಟ್ಟಿದೆವೆಂದರೆ ಹೊಸ ವರ್ಷ ಕಳೆಯುವವರೆಗೆ ಮನೆಯ ಮುಂದಿನ ದೀಪಗಳು ಇಳಿಯುವುದಿಲ್ಲ. ಕಂಪೌಂಡು, ಗೇಟಿನ ಕಮಾನು, ಅಂಗಳದ ಬೇವಿನ ಮರ, ಅದರ ಬುಡದಲ್ಲಿ ಕಟ್ಟುವ ಗೋದಲಿ, ಇಷ್ಟಕ್ಕೂ ಸಾಲುವಷ್ಟು ದೀಪದ ಸರಗಳು ನಮ್ಮಲ್ಲಿ ಈಗಾಗಲೇ ಇವೆ. ಇಲ್ಲದಿರುವುದು ಅವುಗಳಿಗೆ ಕರೆಂಟು ಮುಟ್ಟಿಸುವ ನಂಬಿಗಸ್ತ ದಾರಿ.

ಕಳೆದ ವರ್ಷ ರಸ್ತೆ ಬದಿಯ ಅಂಗಡಿಯೊಂದರಲ್ಲಿ ಹತ್ತು ಮೀಟರಿನ ಮೂರು ಎಕ್ಸ್‌ಟೆನ್ಷನ್ ಬೋರ್ಡುಗಳನ್ನು ಅಗ್ಗಕ್ಕೆ ಕೊಂಡು, ಒಂದಕ್ಕೊಂದು ಸಿಕ್ಕಿಸಿ, ಅಡುಗೆಮನೆಯಿಂದ ಗೇಟಿನವರೆಗೆ ಎಳೆದಿದ್ದೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಎರಡನೆಯ ಬೋರ್ಡಿನ ಪ್ಲಗ್ ಕರಗಿ ಸಾಕೆಟ್ಟಿಗೆ ಅಂಟಿಕೊಂಡಿತು. ಸುಟ್ಟ ವಾಸನೆ ಬಂದಾಗ ಮನೆಯವರೆಲ್ಲ ಎಚ್ಚರವಿದ್ದುದರಿಂದ ಹೆಚ್ಚಿನ ಅನಾಹುತ ಆಗಲಿಲ್ಲ. ಈ ಸಲ ವೈರಿಗೆಂದೇ ಮೂರು ಸಾವಿರ ರೂಪಾಯಿ ತೆಗೆದಿರಿಸಿದ್ದೇನೆ. ಪಕ್ಕದ ಮನೆಯವರು ‘ಎರಡೂವರೆ ಎಂಎಂ ವೈರು ಹಾಕಿಬಿಡಿ, ಚಿಂತೆಯೇ ಇರುವುದಿಲ್ಲ’ ಎನ್ನುತ್ತಾರೆ (ಎಂಎಂ ಅಂದರೆ ಇಲ್ಲಿ ತಂತಿಯ ಅಡ್ಡಕೊಯ್ತದ ಚದರ ಮಿಲಿಮೀಟರ್). ಅದರ ಬೆಲೆ ಕೇಳಿದ ಮೇಲೆ ನನಗೆ ಚಿಂತೆ ಹೆಚ್ಚಾಗಿದೆ. ನಿಜವಾಗಿಯೂ ಅಷ್ಟು ದಪ್ಪ ಬೇಕೇ? ಬೀದರಿನಲ್ಲೇ ಕೊಳ್ಳಬೇಕೇ, ಹೈದರಾಬಾದಿಗೆ ಹೋಗಬೇಕೇ?

ತೊಗರಿನಾಡು (ಕಲಬುರಗಿ)

ನಿಮ್ಮ ಪಕ್ಕದ ಮನೆಯವರ ಮಾತನ್ನು ನಾನು ಒಪ್ಪುತ್ತೇನೆ. ನಮ್ಮ ಬಡಾವಣೆಯ ಗಣೇಶ ಮಂಡಳಿಗೆ ಆರು ವರ್ಷದ ಹಿಂದೆ ಎರಡೂವರೆ ಎಂಎಂ ತ್ರೀ ಕೋರ್ ಕೇಬಲ್ ಒಂದು ಸುರುಳಿ ತಂದೆವು. ಗಣೇಶ ಹಬ್ಬಕ್ಕೆ, ದೀಪಾವಳಿಗೆ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ, ಮದುವೆ ಮನೆಗಳಿಗೆ ಎಲ್ಲಕ್ಕೂ ಅದೇ ಓಡಾಡುತ್ತಿದೆ. ಮೇಲೆ ಟ್ರ್ಯಾಕ್ಟರ್ ಹಾಯ್ದರೂ ಏನೂ ಆಗಿಲ್ಲ. ಅಗ್ಗದ್ದನ್ನು ವರ್ಷಕ್ಕೊಮ್ಮೆ ಕೊಳ್ಳುವ ಬದಲು ಒಳ್ಳೆಯದನ್ನು ಒಮ್ಮೆ ಕೊಂಡರೆ ಮುಗಿಯಿತು.

ಹಳೆಯ ವೈರ್‌ಮನ್ (ಕಲಬುರಗಿ)

ಮಂಡಳಿಯ ಪೆಂಡಾಲು ಬೇರೆ, ಮನೆಯ ಅಂಗಳ ಬೇರೆ. ಪೆಂಡಾಲಿನಲ್ಲಿ ಸೌಂಡ್ ಸಿಸ್ಟಮ್ ಇರುತ್ತದೆ, ಫ್ಯಾನುಗಳಿರುತ್ತವೆ, ಪ್ರಸಾದದ ಸಮಯಕ್ಕೆ ಯಾರೋ ಒಬ್ಬರು ಗ್ರೈಂಡರನ್ನೂ ತಂದು ಸಿಕ್ಕಿಸುತ್ತಾರೆ. ಆದ್ದರಿಂದ ಕೇಬಲ್ ಎಷ್ಟು ದಪ್ಪವಿರಬೇಕು ಎಂದು ಕೇಳುವ ಮೊದಲು ಅದರ ತುದಿಯಲ್ಲಿ ಏನೇನು ಉರಿಯುತ್ತದೆ ಎಂದು ಕೇಳಬೇಕು. ಮಂಗಲಪೇಟೆಯವರು ದಯವಿಟ್ಟು ಪ್ರತಿಯೊಂದು ಸರದ ಪೆಟ್ಟಿಗೆಯ ಮೇಲಿರುವ ವ್ಯಾಟ್ ನೋಡಿ ಕೂಡಿಸಿ ಹೇಳಿ. ಹಳೆಯ ಕಾಲದ ‘ಜೀರೋ ಬಲ್ಬ್’ ಸರ ಇದ್ದರೆ ಅದನ್ನೂ ತಿಳಿಸಿ. ಹೆಸರು ಜೀರೋ ಆದರೂ ಅಂಥ ಒಂದೊಂದು ಬಲ್ಬೂ ಸುಮಾರು 15 ವ್ಯಾಟ್ ತಿನ್ನುತ್ತದೆ. ನಲವತ್ತು ಬಲ್ಬಿನ ಸರವೊಂದೇ 600 ವ್ಯಾಟ್ ಆಗುತ್ತದೆ.

ಇನ್ನೊಂದು ಪ್ರಶ್ನೆ. ಕಳೆದ ವರ್ಷ ಪ್ಲಗ್ ಕರಗಿದ ರಾತ್ರಿ ಆ ಬೋರ್ಡಿಗೆ ದೀಪಗಳನ್ನು ಬಿಟ್ಟು ಬೇರೆ ಏನನ್ನಾದರೂ ಹಾಕಿದ್ದಿರಾ?

ಮಂಗಲಪೇಟೆ ಮನೆ (ಬೀದರ್)

ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಿ ನೋಡಿದೆ. ಎಲ್‌ಇಡಿ ಸೀರಿಯಲ್ ಸೆಟ್ಟುಗಳು ಹದಿನಾಲ್ಕು, ಒಂದೊಂದೂ 6 ವ್ಯಾಟ್. ಗೇಟಿಗೆ ಸುತ್ತುವ ರೋಪ್ ಲೈಟ್ 20 ಮೀಟರ್, ಮೀಟರಿಗೆ 8 ವ್ಯಾಟ್ ಎಂದು ಬರೆದಿದೆ. ಮರದ ಬುಡಕ್ಕೆ 50 ವ್ಯಾಟಿನ ಫ್ಲಡ್ ಲೈಟ್ ಒಂದು. ಮೂರು ನಕ್ಷತ್ರಗಳಲ್ಲಿ 9 ವ್ಯಾಟಿನ ಬಲ್ಬು ಒಂದೊಂದು. ಗೋದಲಿಯ ಪುಟ್ಟ ನೀರಿನ ಪಂಪು 18 ವ್ಯಾಟ್. ಎಲ್ಲ ಸೇರಿ 339 ವ್ಯಾಟ್ ಬಂತು. ಇಷ್ಟು ಕಡಿಮೆ ಇರುತ್ತದೆಂದು ನಾನು ಎಣಿಸಿರಲಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರಿಸಲು ಸ್ವಲ್ಪ ಸಂಕೋಚವಾಗುತ್ತಿದೆ. ಆ ರಾತ್ರಿ ಹಾಡು ಹೇಳಲು ಬಂದ ತಂಡಕ್ಕೆ ಅಂಗಳದಲ್ಲೇ ಚಹಾ ಮಾಡಿದೆವು. ಅದೇ ಬೋರ್ಡಿಗೆ ಎಲೆಕ್ಟ್ರಿಕ್ ಕೆಟಲ್ ಹಾಕಿದ್ದೆವು. ಈಗ ನೋಡಿದರೆ ಅದರ ತಳದಲ್ಲಿ 1500 ವ್ಯಾಟ್ ಎಂದಿದೆ.

ಹಳೆಯ ವೈರ್‌ಮನ್ (ಕಲಬುರಗಿ)

ಸಂಕೋಚ ಬೇಡ. ಇಂಥ ಮಾತು ಹೊರಬಂದರೆ ಮಾತ್ರ ಲೆಕ್ಕ ಕೂಡುತ್ತದೆ.

ಕೆಟಲ್ ಒಂದೇ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಆರು ಆಂಪಿಯರಿನ ಪ್ಲಗ್ಗಿನ ಮಿತಿ ಅಲ್ಲಿಗೇ ದಾಟಿತು. ದೀಪಗಳದ್ದೂ ಸೇರಿದರೆ ಸುಮಾರು 9 ಆಂಪಿಯರ್. ಅಗ್ಗದ ಬೋರ್ಡಿನ ಸಾಕೆಟ್ಟಿನಲ್ಲಿ ಪ್ಲಗ್ಗಿನ ಕಾಲನ್ನು ಹಿಡಿಯುವ ಹಿತ್ತಾಳೆಯ ಪಟ್ಟಿ ತೆಳ್ಳಗಿದ್ದು, ಒಂದೇ ಹಂಗಾಮಿನಲ್ಲಿ ಸಡಿಲಾಗುತ್ತದೆ. ಆ ಸಡಿಲ ಜಾಗದಲ್ಲಿ ಅರ್ಧ ಓಮ್ ರೋಧ ಇದ್ದರೂ ಅಲ್ಲಿ ಹುಟ್ಟುವ ಶಾಖ 9 ಗುಣಿಸು 9 ಗುಣಿಸು ಅರ್ಧ, ಅಂದರೆ 40 ವ್ಯಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು. ಬೆರಳ ತುದಿಯಷ್ಟು ಪ್ಲಾಸ್ಟಿಕ್ಕಿನೊಳಗೆ ಅದಕ್ಕಿಂತ ಹೆಚ್ಚಿನ ಬಿಸಿಯನ್ನು ಹಾಕಿದರೆ ಅದು ಕರಗದೆ ಇನ್ನೇನು ಮಾಡೀತು? ಗಮನಿಸಿ, ನಡುವಿನ ಕೇಬಲ್ ಕರಗಲಿಲ್ಲ, ಜೋಡಣೆ ಕರಗಿತು. ನಲವತ್ತು ವರ್ಷದಲ್ಲಿ ನಾನು ನೋಡಿದ ಸುಟ್ಟ ಎಕ್ಸ್‌ಟೆನ್ಷನ್ನುಗಳಲ್ಲಿ ಬಹುಪಾಲು ಹೀಗೆ ಬಾಯಲ್ಲೇ ಸುಟ್ಟವು. ಕೇಬಲ್ಲನ್ನು ಎರಡೂವರೆ ಎಂಎಂಗೆ ಏರಿಸಿ ಅದೇ ಸಡಿಲ ಸಾಕೆಟ್ಟಿಗೆ ಸಿಕ್ಕಿಸಿದ್ದರೆ ಮತ್ತೆ ಅದೇ ಪ್ಲಗ್ ಕರಗುತ್ತಿತ್ತು.

ಈಗ ದಪ್ಪದ ಲೆಕ್ಕಕ್ಕೆ ಬರೋಣ. 339 ವ್ಯಾಟ್ ಅಂದರೆ ಒಂದೂವರೆ ಆಂಪಿಯರ್. ಅಗ್ಗದ ಎಲ್‌ಇಡಿ ಸರಗಳ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಕೆಟ್ಟದಾಗಿರುತ್ತದೆ, ಹಾಗಾಗಿ ತಂತಿಯಲ್ಲಿ ಹರಿಯುವ ಕರೆಂಟು ದುಪ್ಪಟ್ಟು, ಮೂರು ಆಂಪಿಯರ್ ಎಂದೇ ಹಿಡಿಯಿರಿ. ಒಂದು ಎಂಎಂ ತಾಮ್ರದ ಬಳುಕುವ ಕೇಬಲ್ ಸಾವಿರ ಮೀಟರಿಗೆ 19.5 ಓಮ್ ಇರುತ್ತದೆ. ಮೂವತ್ತು ಮೀಟರ್ ಹೋಗಿ ಮೂವತ್ತು ಮೀಟರ್ ಬರಬೇಕು, ಒಟ್ಟು 60 ಮೀಟರ್, 1.17 ಓಮ್. ಮೂರು ಆಂಪಿಯರಿಗೆ ದಾರಿಯಲ್ಲಿ ಕಳೆಯುವುದು ಮೂರೂವರೆ ವೋಲ್ಟ್. ಎರಡೂವರೆ ಎಂಎಂ ಹಾಕಿದರೆ ಸುಮಾರು ಒಂದೂವರೆ ವೋಲ್ಟ್ ಕಳೆಯುತ್ತದೆ. ಆ ಎರಡು ವೋಲ್ಟಿನ ವ್ಯತ್ಯಾಸ ನಿಮ್ಮ ನಕ್ಷತ್ರಕ್ಕೂ ಗೊತ್ತಾಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ನಮ್ಮ ಕಡೆ ಸಂಜೆ ಏಳಕ್ಕೆ ವೋಲ್ಟೇಜು ತಾನಾಗಿಯೇ ಅದರ ಹಲವು ಪಟ್ಟು ಏರಿಳಿಯುತ್ತದೆ. ಒಂದು ಎಂಎಂ ಸಾಕು. ಮನಸ್ಸಿನ ಸಮಾಧಾನಕ್ಕೆ ಒಂದೂವರೆ ಹಾಕಿಕೊಳ್ಳಿ. ಅದರ ಮೇಲೆ ಹಾಕಿದ ಹಣ ನೆಲದಲ್ಲಿ ಹೂತಂತೆ.

ತೊಗರಿನಾಡು (ಕಲಬುರಗಿ)

ಲೆಕ್ಕ ಸರಿಯಾಗಿದೆ, ಒಪ್ಪಿದೆ. ಆದರೆ ದೀಪದ ಹುಚ್ಚು ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆಯೇ ಹೊರತು ಇಳಿಯುವುದಿಲ್ಲ. ಮುಂದಿನ ವರ್ಷ ಅವರು ಮಹಡಿಗೂ ದೀಪ ಹಾಕಿದರೆ? ಕೆಟಲ್ ಮತ್ತೆ ಬಂದರೆ?

ಹಳೆಯ ವೈರ್‌ಮನ್ (ಕಲಬುರಗಿ)

ದೀಪ ದುಪ್ಪಟ್ಟಾದರೂ ಆರು ಆಂಪಿಯರ್ ದಾಟುವುದಿಲ್ಲ, ಒಂದು ಎಂಎಂ ತಡೆಯುತ್ತದೆ. ಕೆಟಲ್ ಅಡುಗೆಮನೆಯಲ್ಲೇ ಇರಲಿ.

ನಿಮ್ಮ ಮಾತಿನಲ್ಲಿ ಒಂದು ಸತ್ಯಾಂಶ ಇದೆ, ಅದನ್ನು ನಾನೇ ಬಿಡಿಸಿ ಹೇಳುತ್ತೇನೆ. ದಪ್ಪ ಕೇಬಲ್ ಬೇಕಾಗುವುದು ದೀಪಕ್ಕಾಗಿ ಅಲ್ಲ, ಶಾರ್ಟ್ ಆದಾಗ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚು) ಬೀಳಲಿಕ್ಕೆ. ತುದಿಯಲ್ಲಿ ಎರಡು ತಂತಿ ತಾಗಿದವು ಎಂದುಕೊಳ್ಳಿ. ಮುಕ್ಕಾಲು ಎಂಎಂ ಕೇಬಲ್ ಮೂವತ್ತು ಮೀಟರಿಗೆ, ಹೋಗಿ ಬರುವ ದಾರಿ ಸೇರಿ, ಒಂದೂವರೆ ಓಮಿಗಿಂತ ಸ್ವಲ್ಪ ಹೆಚ್ಚು. 230 ವೋಲ್ಟಿಗೆ ಹರಿಯುವುದು ಹೆಚ್ಚೆಂದರೆ 147 ಆಂಪಿಯರ್. ಕಂಬದಿಂದ ಮನೆಯವರೆಗಿನ ತಂತಿಯ ರೋಧ ಸೇರಿದರೆ ಇನ್ನೂ ಕಡಿಮೆ. ಮನೆಗಳಲ್ಲಿ ಹಾಕುವ ‘ಸಿ’ ಮಾದರಿಯ ಎಂಸಿಬಿ ತಕ್ಷಣ ಬೀಳಬೇಕಾದರೆ ಅದರ ಅಂಕಿಯ ಐದರಿಂದ ಹತ್ತು ಪಟ್ಟು ಕರೆಂಟು ಹರಿಯಬೇಕು. 32 ಆಂಪಿಯರಿನ ಎಂಸಿಬಿಗೆ ಕನಿಷ್ಠ 160 ಬೇಕು, ಹಾಗಾಗಿ ಅದು ಕ್ಷಣಾರ್ಧದಲ್ಲಿ ಬೀಳುವುದಿಲ್ಲ. ಬೀಳುವಷ್ಟರಲ್ಲಿ ತಂತಿ ಕೆಂಡವಾಗಿರುತ್ತದೆ. ಅದೇ ಆರು ಆಂಪಿಯರಿನ ಎಂಸಿಬಿಗೆ 30ರಿಂದ 60 ಆಂಪಿಯರ್ ಸಾಕು, ಮಿಂಚಿನಂತೆ ಬೀಳುತ್ತದೆ. ಆದ್ದರಿಂದ ದಪ್ಪ ಕೇಬಲ್ಲಿಗೆ ಸಾವಿರಾರು ರೂಪಾಯಿ ಸುರಿಯುವ ಬದಲು ಹೊರಗಿನ ದೀಪಗಳಿಗೆಂದೇ ಆರು ಆಂಪಿಯರಿನ ಎಂಸಿಬಿ ಒಂದನ್ನು ಹಾಕಿಸಿ. ನಿಮ್ಮ ಕೆಟಲ್ಲಿಗೂ ಅದು ಸ್ವಲ್ಪ ಮಟ್ಟಿಗೆ ಕಡಿವಾಣ: ಯಾರಾದರೂ ಸಿಕ್ಕಿಸಿ ಬಹಳ ಹೊತ್ತು ಬಿಟ್ಟರೆ ಎಂಸಿಬಿ ಬೀಳಬಹುದು, ತಕ್ಷಣ ಬೀಳುತ್ತದೆಂದು ನಂಬಬೇಡಿ.

ಮತ್ತೊಂದು. ಅಡುಗೆಮನೆಯಿಂದಲೇ ಏಕೆ ಎಳೆದಿರಿ? ಮುಂದಿನ ಕೋಣೆಯಲ್ಲಿ ಸಾಕೆಟ್ ಇಲ್ಲವೇ?

ಮಂಗಲಪೇಟೆ ಮನೆ (ಬೀದರ್)

ಇದೆ, ಟಿವಿಯ ಹಿಂದೆ. ಅಡುಗೆಮನೆಯದು ದೊಡ್ಡ ಸಾಕೆಟ್ ಎಂಬ ಒಂದೇ ಕಾರಣಕ್ಕೆ ಅಲ್ಲಿಂದ ಎಳೆದಿದ್ದೆ. ಈಗ ಟೇಪು ಹಿಡಿದು ಅಳೆದೆ. ಹಾಲಿನ ಕಿಟಕಿಯಿಂದ ಗೇಟಿಗೆ 14 ಮೀಟರ್, ಗೇಟಿನಿಂದ ಮರಕ್ಕೆ 9 ಮೀಟರ್. ಒಟ್ಟು 23. ಅಡುಗೆಮನೆಯಿಂದಾದರೆ 39 ಆಗುತ್ತಿತ್ತು.

ಹಳೆಯ ವೈರ್‌ಮನ್ (ಕಲಬುರಗಿ)

ಹದಿನಾರು ಮೀಟರ್ ಕೇಬಲ್ಲಿನ ಹಣ ಈಗಲೇ ಉಳಿಯಿತು.

ಭೀಮಾತೀರ (ಯಾದಗಿರಿ)

ದಪ್ಪದ ಚರ್ಚೆ ಮುಗಿದಂತಿದೆ. ಆದರೆ ಅಂಗಡಿಯವನು ‘ಒಂದು ಎಂಎಂ’ ಎಂದು ಕೊಟ್ಟದ್ದು ಒಂದು ಎಂಎಂ ಇರುತ್ತದೆಯೇ, ಅದು ತಾಮ್ರವೇ ಎಂಬುದು ಬೇರೆ ಮಾತು. ಎರಡು ವರ್ಷದ ಹಿಂದೆ ದೀಪಾವಳಿಗೆ ನಾನು ತಂದ ಕೇಬಲ್ ಕೈಯಲ್ಲಿ ಹಿಡಿದಾಗಲೇ ಹೂವಿನಂತೆ ಹಗುರವಾಗಿತ್ತು, ನನಗೆ ಖುಷಿಯೇ ಆಗಿತ್ತು. ಮನೆಗೆ ಬಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ತಂತಿ ಅದು. ನಾಲ್ಕು ಸಲ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಕಡ್ಡಿಯಂತೆ ಮುರಿಯಿತು. ಇನ್ನು ಕೆಲವು ಸೀರಿಯಲ್ ಸೆಟ್ಟುಗಳ ತಂತಿಗೆ ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ; ಅದು ತಾಮ್ರ ಬಳಿದ ಉಕ್ಕು.

ತೂಕದ ಲೆಕ್ಕ ಎಂದೂ ಸುಳ್ಳು ಹೇಳುವುದಿಲ್ಲ. ಒಂದು ಎಂಎಂ ತಾಮ್ರದ ತಂತಿ ಮೀಟರಿಗೆ ಹೆಚ್ಚು ಕಡಿಮೆ 9 ಗ್ರಾಂ. ತ್ರೀ ಕೋರ್ ಆದರೆ 27 ಗ್ರಾಂ. ಇಪ್ಪತ್ತು ಮೀಟರಿಗೆ ಬರೀ ತಾಮ್ರವೇ ಅರ್ಧ ಕಿಲೋ ದಾಟಬೇಕು, ಅದರ ಮೇಲೆ ಪ್ಲಾಸ್ಟಿಕ್ಕಿನ ತೂಕ. ಇಪ್ಪತ್ತು ಮೀಟರಿನ ಬೋರ್ಡು ಸಹಿತ ಎಕ್ಸ್‌ಟೆನ್ಷನ್ ಒಟ್ಟು ತೂಕವೇ ಅರ್ಧ ಕಿಲೋ ಇದ್ದರೆ ಒಳಗಿರುವುದು ಏನು ಎಂದು ಕೇಳುವ ಅಗತ್ಯವಿಲ್ಲ. ಹಳೆಯ ತಾಮ್ರ ಮಾರಲು ಹೋದರೆ ಗುಜರಿಯವನು ಎಷ್ಟು ಕೊಡುತ್ತಾನೆ ನೋಡಿ. ಹೊಸ ಕೇಬಲ್ ಅದಕ್ಕಿಂತ ಅಗ್ಗಕ್ಕೆ ಸಿಗುವುದು ಹೇಗೆ ಸಾಧ್ಯ?

ಹಳೆಯ ವೈರ್‌ಮನ್ (ಕಲಬುರಗಿ)

ಭೀಮಾತೀರದವರ ಮಾತಿಗೆ ಒಂದು ತಿದ್ದುಪಡಿ. ಮೇಲೆ ಬೆಳ್ಳಗಿದ್ದು ಕೆರೆದರೆ ಒಳಗೆ ಕೆಂಪಾಗಿ ಕಂಡರೆ ಅದು ತವರ ಬಳಿದ ತಾಮ್ರ, ಅದು ಒಳ್ಳೆಯದು. ಮೇಲೆ ಕೆಂಪಾಗಿದ್ದು ಒಳಗೆ ಬೆಳ್ಳಗಿದ್ದರೆ ಮಾತ್ರ ಮೋಸ. ಎಳೆ ಎಣಿಸುವವರಿಗೆ: 0.2 ಮಿಲಿಮೀಟರ್ ಎಳೆಯಾದರೆ ಮುಕ್ಕಾಲು ಎಂಎಂಗೆ 24, ಒಂದು ಎಂಎಂಗೆ 32 ಎಳೆ ಇರಬೇಕು. ಹಳೆಯ ಅಂಗಡಿಗಳಲ್ಲಿ ಇನ್ನೂ ‘23/76’, ‘40/76’ ಎಂಬ ಭಾಷೆ ನಡೆಯುತ್ತದೆ. ಮೊದಲಿನ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಎಳೆಯ ದಪ್ಪ, ಅಂದರೆ ಇಂಚಿನ ಹತ್ತು ಸಾವಿರದಲ್ಲಿ 76 ಭಾಗ. 23/76 ಅಂದರೆ ಮುಕ್ಕಾಲು ಎಂಎಂಗಿಂತ ಸ್ವಲ್ಪ ಕಡಿಮೆ, 40/76 ಅಂದರೆ ಒಂದು ಎಂಎಂಗಿಂತ ಸ್ವಲ್ಪ ಹೆಚ್ಚು. 14/76 ಎಂದು ಕೊಟ್ಟರೆ ಹೊರಗಿನ ಕೆಲಸಕ್ಕೆ ತೆಗೆದುಕೊಳ್ಳಬೇಡಿ.

ಕೇಬಲ್ಲಿನ ಮೈಮೇಲೆ ಐಎಸ್ 694 ಮತ್ತು ಐಎಸ್‌ಐ ಗುರುತು, ಅದರ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಹಾಕಿದರೆ ಅದು ಯಾವ ತಯಾರಕರದು, ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ಅಂಗಡಿಯ ಕಟ್ಟೆಯ ಮೇಲೆ ನಿಂತೇ ನೋಡಬಹುದು. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಸಂಖ್ಯೆ ಹೊಂದಿಸುವುದು ಅಷ್ಟು ಸುಲಭವಲ್ಲ.

ಚೌಬಾರಾ (ಬೀದರ್)

ಎಲ್ಲಿ ಕೊಳ್ಳಬೇಕು ಎಂಬ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಬೀದರಿನವರಿಗೆ ಹೈದರಾಬಾದಿನ ಕೋಠಿ ಬಳಿಯ ಟ್ರೂಪ್ ಬಜಾರ್ ಎಂದರೆ ತೀರ್ಥಕ್ಷೇತ್ರವಿದ್ದಂತೆ. ಎಲೆಕ್ಟ್ರಿಕ್ ಸಾಮಾನಿಗೆ ಅಲ್ಲಿಗೇ ಓಡುತ್ತೇವೆ. ಆದರೆ ಸುಮಾರು 140 ಕಿಲೋಮೀಟರ್ ಹೋಗಿ ಬರುವ ಖರ್ಚು, ಒಂದು ದಿನದ ಕೆಲಸ ಎರಡನ್ನೂ ಸೇರಿಸಿದರೆ 23 ಮೀಟರ್ ಕೇಬಲ್ಲಿಗೆ ಅದು ಲಾಭವಲ್ಲ. ಇಡೀ ಓಣಿಯವರು ಕೂಡಿ ಸುರುಳಿಗಟ್ಟಲೆ ತರುವುದಾದರೆ ಹೋಗಿ. ಕಲಬುರಗಿಯವರಿಗೆ ಸೂಪರ್ ಮಾರ್ಕೆಟ್ ಸುತ್ತಲಿನ ಅಂಗಡಿಗಳೇ ಸಾಕು.

ಬಹಳ ಜನರಿಗೆ ಗೊತ್ತಿಲ್ಲದ ದಾರಿಯೊಂದಿದೆ: ಕಟ್ ಪೀಸ್. ಅಂಗಡಿಯವರು ಸುರುಳಿಯಿಂದ ಕತ್ತರಿಸಿ ಮಾರುತ್ತ ಹೋದಂತೆ ಕೊನೆಯಲ್ಲಿ ಹತ್ತು, ಹದಿನೈದು ಮೀಟರಿನ ತುಂಡುಗಳು ಉಳಿಯುತ್ತವೆ. ಮನೆ ವೈರಿಂಗಿಗೆ ಬಂದ ಗಿರಾಕಿ ಅವನ್ನು ಮುಟ್ಟುವುದಿಲ್ಲ. ಮೂಲೆಯಲ್ಲಿ ಬಿದ್ದಿರುವ ಅವನ್ನು ಕೇಳಿದರೆ ಒಳ್ಳೆಯ ಕಂಪನಿಯ ಮಾಲೇ ಕಡಿಮೆ ದರಕ್ಕೆ ಸಿಗುತ್ತದೆ. ಮಂಗಲಪೇಟೆಯವರಿಗೆ ಬೇಕಾಗಿರುವುದೂ 14 ಮತ್ತು 9 ಮೀಟರಿನ ಎರಡು ತುಂಡುಗಳೇ ತಾನೆ? ಹಬ್ಬದ ವಾರ ಹೋಗಬೇಡಿ. ದೀಪಾವಳಿ ಮುಗಿದ ಮರುವಾರ ಹೋಗಿ. ಆಗ ಅಂಗಡಿಯವರಿಗೆ ಮಾತನಾಡಲು ಪುರುಸೊತ್ತೂ ಇರುತ್ತದೆ, ತುಂಡುಗಳೂ ಉಳಿದಿರುತ್ತವೆ.

ಸಿದ್ಧ ಎಕ್ಸ್‌ಟೆನ್ಷನ್ ಬೋರ್ಡು ಕೊಳ್ಳುವ ಬದಲು ಕೇಬಲ್, ಪ್ಲಗ್, ಬೋರ್ಡು ಬೇರೆ ಬೇರೆ ಕೊಂಡು ಜೋಡಿಸಿಕೊಂಡರೆ ಹಣ ಬಹಳ ಉಳಿಯದಿದ್ದರೂ ಒಳಗೆ ಏನಿದೆ ಎಂಬುದು ನಿಮಗೆ ಗೊತ್ತಿರುತ್ತದೆ. ಕೈ ಪಳಗದವರು ಮಾತ್ರ ಎಲೆಕ್ಟ್ರಿಷಿಯನ್ನಿಂದಲೇ ಜೋಡಿಸಿಕೊಳ್ಳಬೇಕು.

ಭೀಮಾತೀರ (ಯಾದಗಿರಿ)

ಕಟ್ ಪೀಸ್ ಮಾತು ಬಂದಾಗ ನಮ್ಮ ಹಳ್ಳಿಯ ಉಪಾಯವನ್ನೂ ಹೇಳುತ್ತೇನೆ. ಗುರುಮಠಕಲ್ ಕಡೆಯ ನಮ್ಮ ಹೊಲದಲ್ಲಿ ಬೋರ್‌ವೆಲ್ ಬತ್ತಿದಾಗ ಮೋಟಾರಿನ ಜೊತೆ ಫ್ಲಾಟ್ ಕೇಬಲ್ಲೂ ಮೇಲೆ ಬಂತು. ತಾಮ್ರದ್ದು, ಒಂದೂವರೆ ಎಂಎಂ, ವರ್ಷಗಟ್ಟಲೆ ನೀರಿನಲ್ಲೇ ಇದ್ದು ಬಂದದ್ದು. ಅದಕ್ಕಿಂತ ನೀರು ತಡೆಯುವ ಕೇಬಲ್ ಎಲ್ಲಿ ಸಿಗಬೇಕು? ಮೋಟಾರ್ ರಿವೈಂಡಿಂಗ್ ಅಂಗಡಿಗಳಲ್ಲಿ ಇಂಥ ತುಂಡುಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ. ನಮ್ಮ ಮನೆಯ ದೀಪಾವಳಿ ಈಗ ಅದರ ಮೇಲೆಯೇ ನಡೆಯುತ್ತಿದೆ.

ಹಳೆಯ ವೈರ್‌ಮನ್ (ಕಲಬುರಗಿ)

ಉಪಾಯ ಒಳ್ಳೆಯದು, ಎರಡು ಎಚ್ಚರಿಕೆ ಇರಲಿ. ಮೊದಲನೆಯದು, ಆ ಕೇಬಲ್ಲಿನಲ್ಲಿ ಕೆಂಪು, ಹಳದಿ, ನೀಲಿ ಎಂಬ ಮೂರು ಫೇಸ್ ಬಣ್ಣಗಳಿರುತ್ತವೆ, ಹಸಿರು ಇರುವುದಿಲ್ಲ. ಯಾವುದನ್ನು ಅರ್ಥ್ ಮಾಡಿದ್ದೀರೋ ಅದಕ್ಕೆ ಎರಡೂ ತುದಿಗಳಲ್ಲಿ ಹಸಿರು ಟೇಪ್ ಸುತ್ತಿ, ಇಲ್ಲವಾದರೆ ಮುಂದೆ ಬೇರೆ ಯಾರೋ ಬಿಚ್ಚಿ ಜೋಡಿಸುವಾಗ ತಪ್ಪುತ್ತಾರೆ. ಎರಡನೆಯದು, ಮೇಲೆತ್ತುವಾಗ ಕೇಸಿಂಗ್ ಪೈಪಿನ ಅಂಚಿಗೆ ತಿಕ್ಕಿ ಸಿಪ್ಪೆ ಸುಲಿದಿರಬಹುದು. ಇಡೀ ಉದ್ದವನ್ನು ಬೆರಳುಗಳ ನಡುವೆ ಹಾಯಿಸಿ ನೋಡಿ. ಗಾಯ ಕಂಡರೆ ಅಲ್ಲಿಗೆ ಕತ್ತರಿಸಿ ಬಿಡಿ, ಟೇಪ್ ಸುತ್ತಿ ಮುಂದುವರಿಸಬೇಡಿ.

ಇದೇ ಕಾರಣಕ್ಕೆ ಮನೆ ಕಟ್ಟಿದಾಗ ಉಳಿದ ಒಂಟಿ ಎಳೆಯ ವೈರನ್ನು ಜಡೆ ಹೆಣೆದು ಹೊರಗೆ ಎಳೆಯುವುದನ್ನು ನಾನು ಒಪ್ಪುವುದಿಲ್ಲ. ಅದು ಪೈಪಿನೊಳಗೆ ಇರಬೇಕಾದ ವೈರು, ಅದಕ್ಕೆ ಮೇಲ್ಕವಚ ಇಲ್ಲ. ನಮ್ಮ ಬಿಸಿಲಿಗೆ ಎರಡು ಬೇಸಿಗೆ ಕಂಡರೆ ಸಿಪ್ಪೆ ಬಿರುಕು ಬಿಡುತ್ತದೆ.

ಸೇಡಂ ರಸ್ತೆ ಮಹಡಿ (ಕಲಬುರಗಿ)

ನಾನು ಬಾಡಿಗೆ ಮನೆಯ ಮಹಡಿಯಲ್ಲಿ 12 ವೋಲ್ಟಿನ ಎಲ್‌ಇಡಿ ಪಟ್ಟಿ ಹಾಕುತ್ತೇನೆ, 60 ವ್ಯಾಟ್. 12 ವೋಲ್ಟಿಗೆ ತೆಳ್ಳನೆಯ ವೈರೇ ಸಾಕೆಂದು ಅಡಾಪ್ಟರನ್ನು ಕೋಣೆಯಲ್ಲಿಟ್ಟು ಹತ್ತು ಮೀಟರ್ ಮುಕ್ಕಾಲು ಎಂಎಂ ವೈರು ಎಳೆದೆ. ತುದಿಯ ದೀಪಗಳು ಕೆಂಪಡರಿ ಮಂಕಾಗಿ ಉರಿಯುತ್ತಿವೆ. ಅಡಾಪ್ಟರ್ ಕೆಟ್ಟಿದೆಯೇ?

ಹಳೆಯ ವೈರ್‌ಮನ್ (ಕಲಬುರಗಿ)

ಅಡಾಪ್ಟರ್ ಬಹುಶಃ ಸರಿಯಾಗಿಯೇ ಇದೆ, ಲೆಕ್ಕ ತಲೆಕೆಳಗಾಗಿದೆ. 12 ವೋಲ್ಟಿನಲ್ಲಿ 60 ವ್ಯಾಟ್ ಅಂದರೆ 5 ಆಂಪಿಯರ್. ಹೋಗಿ ಬರುವ 20 ಮೀಟರಿಗೆ ಮುಕ್ಕಾಲು ಎಂಎಂ ಅರ್ಧ ಓಮ್ ದಾಟುತ್ತದೆ. ದಾರಿಯಲ್ಲೇ ಎರಡೂವರೆ ವೋಲ್ಟಿಗಿಂತ ಹೆಚ್ಚು ಹೋಯಿತು. 230ರಲ್ಲಿ ಎರಡೂವರೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, 12ರಲ್ಲಿ ಹೋದರೆ ಐದನೆಯ ಒಂದು ಪಾಲು ಹೋದಂತೆ. ವೋಲ್ಟೇಜು ಇಳಿದಷ್ಟೂ ವೈರು ದಪ್ಪವಾಗಬೇಕು. ಅಡಾಪ್ಟರನ್ನು ನೀರು ಬೀಳದ ಪೆಟ್ಟಿಗೆಯಲ್ಲಿಟ್ಟು ಪಟ್ಟಿಯ ಹತ್ತಿರಕ್ಕೆ ಒಯ್ಯಿರಿ, ಇಲ್ಲವೇ ಮುಂದಿನ ಸಲ 24 ವೋಲ್ಟಿನ ಪಟ್ಟಿ ಕೊಳ್ಳಿ. ಆಗ ಕರೆಂಟು ಅರ್ಧ, ದಾರಿಯಲ್ಲಿ ಕಳೆಯುವ ವೋಲ್ಟೂ ಅರ್ಧ. ಒಂದು ಮಾತು ಮಾತ್ರ ನಿಜ: ಮಕ್ಕಳ ಕೈಗೆ ಸಿಗುವ ಜಾಗದಲ್ಲಿ 12 ವೋಲ್ಟಿನಷ್ಟು ನೆಮ್ಮದಿ ಬೇರೆ ಇಲ್ಲ. ಗೋದಲಿಗೂ ನಾನು ಅದನ್ನೇ ಹೇಳುತ್ತೇನೆ.

ಚೌಬಾರಾ (ಬೀದರ್)

ಜೋಡಣೆಯ ಮಾತಿಗೆ ಮರಳುತ್ತೇನೆ. ಬೀದರಿನಲ್ಲಿ ಡಿಸೆಂಬರಿನಲ್ಲಿ ಮಳೆಗಿಂತ ಇಬ್ಬನಿಯದೇ ಕಾಟ. ಬೆಳಗಿನ ಜಾವ ಪ್ಲಗ್ಗಿನ ಸುತ್ತ ಹನಿಗಟ್ಟಿರುತ್ತದೆ. ಕಪ್ಪು ಪಿವಿಸಿ ಟೇಪ್ ಸುತ್ತಿದರೆ ನೀರು ಹೋಗುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಒಳಗೆ ಹೋದ ತೇವ ಹೊರಗೆ ಬರುವುದಿಲ್ಲ ಎನ್ನುವುದೇ ಸರಿ. ನಾನು ಎರಡು ಲೀಟರಿನ ಎಣ್ಣೆ ಕ್ಯಾನಿನ ತಳ ಕತ್ತರಿಸಿ, ಕೇಬಲ್ಲನ್ನು ಬಾಯಿಯ ಮೂಲಕ ತೂರಿಸಿ, ಕ್ಯಾನು ಗಂಟೆಯಂತೆ ಜೋಡಣೆಯ ಮೇಲೆ ಕವಿಯುವ ಹಾಗೆ ತೂಗುಬಿಡುತ್ತೇನೆ. ಮೇಲಿನ ಬಾಯಿಯನ್ನು ರಬ್ಬರ್ ಟೇಪಿನಿಂದ ಬಿಗಿಯುತ್ತೇನೆ, ಕೆಳಭಾಗ ತೆರೆದಿರುವುದರಿಂದ ಗಾಳಿ ಆಡುತ್ತದೆ. ಒಂದು ಪೈಸೆ ಖರ್ಚಿಲ್ಲ. ನೋಡಲು ಚೆಂದವಿಲ್ಲ ಎಂದು ಮನೆಯಲ್ಲಿ ಬೈಯುತ್ತಾರೆ, ಅದು ಬೇರೆ.

ಹಳೆಯ ವೈರ್‌ಮನ್ (ಕಲಬುರಗಿ)

ತಾತ್ಕಾಲಿಕಕ್ಕೆ ತಪ್ಪಿಲ್ಲ. ಕೇಬಲ್ ಜೋಡಣೆಗೆ ಸೇರುವ ಮೊದಲು ಒಂದು ಸುತ್ತು ಕೆಳಗಿಳಿದು ಮೇಲೆ ಏರಲಿ, ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಪೆಟ್ಟಿಗೆ ಕೊಳ್ಳುವವರು ಐಪಿ ಅಂಕಿ ನೋಡಿ: 44 ಎಂದರೆ ಸಿಡಿಯುವ ಹನಿ ತಡೆಯುತ್ತದೆ, 65 ಎಂದರೆ ಪೈಪಿನ ನೀರಿನ ಧಾರೆಯನ್ನೂ ತಡೆಯುತ್ತದೆ. ಅಂಗಳದ ಮರಕ್ಕೆ 44 ಸಾಕು. ಗಿಡಕ್ಕೆ ನೀರು ಬಿಡುವ ಕಡೆ 65.

ಒಂದು ಕೆಟ್ಟ ಪದ್ಧತಿಯನ್ನು ಹೇಳದೆ ಇರಲಾರೆ. ಸರವನ್ನು ಕಟ್ಟಿ ಮುಗಿಸಿದ ಮೇಲೆ ಪ್ಲಗ್ ಇರುವ ತುದಿ ತಪ್ಪು ಕಡೆ ಬಂದಿದೆ ಎಂದು ಗೊತ್ತಾಗುತ್ತದೆ. ಬಿಚ್ಚಿ ಕಟ್ಟಲು ಬೇಸರವಾಗಿ ಎರಡೂ ತುದಿಗೆ ಪ್ಲಗ್ ಇರುವ ವೈರೊಂದನ್ನು ಮಾಡಿಸಿಕೊಳ್ಳುತ್ತಾರೆ. ಒಂದು ಕಡೆ ಗೋಡೆಗೆ ಸಿಕ್ಕಿಸಿದ ಕ್ಷಣವೇ ಇನ್ನೊಂದು ಕಡೆಯ ಬರಿಯ ಹಿತ್ತಾಳೆ ಕಾಲುಗಳಲ್ಲಿ 230 ವೋಲ್ಟ್ ನಿಂತಿರುತ್ತದೆ. ಯಾವ ಅಂಗಡಿಯವನು ಕೇಳಿದರೂ ಅದನ್ನು ಮಾಡಿಕೊಡಬಾರದು, ನಾನಂತೂ ಕೊಟ್ಟಿಲ್ಲ.

ತೊಗರಿನಾಡು (ಕಲಬುರಗಿ)

ಚಕ್ರಕ್ಕೆ ಸುತ್ತಿದ ಎಕ್ಸ್‌ಟೆನ್ಷನ್ ಬಗ್ಗೆ ನನ್ನ ಅನುಭವ ಹೇಳಬಹುದು. ಮಂಡಳಿಯವರು ಐವತ್ತು ಮೀಟರಿನ ಚಕ್ರದಿಂದ ಹತ್ತೇ ಮೀಟರ್ ಬಿಚ್ಚಿ ಉಳಿದದ್ದನ್ನು ಸುತ್ತಿದಂತೆಯೇ ಬಿಟ್ಟು ಗ್ರೈಂಡರ್ ನಡೆಸಿದರು. ಒಳಗಿನ ಸುತ್ತುಗಳ ಬಿಸಿ ಹೊರಬರಲಾಗದೆ ಕೇಬಲ್ ಒಂದಕ್ಕೊಂದು ಅಂಟಿ ಗಟ್ಟಿಯಾಯಿತು. ಪೂರ್ತಿ ಬಿಚ್ಚಿ ಹರಡಿಯೇ ಬಳಸಬೇಕು. ಹಾಗೆಯೇ, ರಸ್ತೆಗೆ ಅಡ್ಡವಾಗಿ ಕಮಾನು ಹಾಕುವ ಮಂಡಳಿಗಳು ಮನೆಯೊಂದರ ಮೀಟರಿನಿಂದಾಗಲಿ ಕಂಬದಿಂದಾಗಲಿ ಎಳೆಯದೆ ನಮ್ಮ ಭಾಗದ ವಿದ್ಯುತ್ ಕಂಪನಿಯಾದ ಜೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಬೇಕು. ಕಂಬಕ್ಕೆ ಕೊಕ್ಕೆ ಹಾಕುವುದು 2003ರ ವಿದ್ಯುತ್ ಕಾಯ್ದೆಯ 135ನೆಯ ಕಲಮಿನ ಪ್ರಕಾರ ಕಳವು. ತಂತಿ ಹರಿದುಬಿದ್ದರೆ 1912ಕ್ಕೆ ಕರೆ ಮಾಡಿ, ಹತ್ತಿರ ಹೋಗಬೇಡಿ.

ಹಳೆಯ ವೈರ್‌ಮನ್ (ಕಲಬುರಗಿ)

ಕೊನೆಯದಾಗಿ ಮಂಗಲಪೇಟೆಯವರಿಗೆ, ಮನೆಯಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟು ನೆಲಕ್ಕೆ ಸೋರಿದರೆ ತಾನೇ ಬೀಳುವ ಸ್ವಿಚ್ಚು, ಇದೆಯೇ? 30 ಮಿಲಿಆಂಪಿಯರಿನದು ಇರಬೇಕು. 100 ಅಥವಾ 300ರದ್ದು ಬೆಂಕಿಯಿಂದ ಕಾಪಾಡಲು, ಮೈಮೇಲೆ ಕರೆಂಟು ಹರಿದಾಗ ಜೀವ ಉಳಿಸಲು ಅಲ್ಲ. ಎಂಸಿಬಿಗೆ ವೈರಿನ ಚಿಂತೆ, ಆರ್‌ಸಿಸಿಬಿಗೆ ಮನುಷ್ಯನ ಚಿಂತೆ. ಮೂರು ಸಾವಿರದಲ್ಲಿ ಯಾವುದನ್ನೋ ಬಿಡಬೇಕಾದರೆ ಅರ್ಧ ಸರಗಳನ್ನು ಬಿಡಿ, ಇದನ್ನು ಬಿಡಬೇಡಿ. ನಿಮ್ಮ ಊರಿನ ಕೆಂಪು ಜಂಬಿಟ್ಟಿಗೆಯ ನೆಲ ಮಳೆಗಾಲ ಮುಗಿದ ಮೇಲೆ ಬೇಗ ಒಣಗುತ್ತದೆ, ನಮ್ಮ ಕರಿ ಎರೆಮಣ್ಣಿನಷ್ಟು ತೇವ ಹಿಡಿದಿಡುವುದಿಲ್ಲ. ಅರ್ಥ್ ಗುಂಡಿಗೆ ನವೆಂಬರಿನಿಂದಲೇ ವಾರಕ್ಕೊಂದು ಬಕೆಟ್ ನೀರು ಹಾಕಿ.

ಮಂಗಲಪೇಟೆ ಮನೆ (ಬೀದರ್)

ಎಲ್ಲರಿಗೂ ಧನ್ಯವಾದ. ಆಗಿದ್ದನ್ನು ತಿಳಿಸುತ್ತೇನೆ. ಊರಿನ ಅಂಗಡಿಯೊಂದರಲ್ಲಿ ಕಟ್ ಪೀಸ್ ಕೇಳಿದಾಗ ಮೊದಲು ಇಲ್ಲ ಎಂದರು, ಆಮೇಲೆ ಅಟ್ಟದಿಂದ ಒಂದು ಎಂಎಂ ತ್ರೀ ಕೋರಿನ 16 ಮೀಟರ್ ಮತ್ತು 11 ಮೀಟರಿನ ಎರಡು ತುಂಡು ಇಳಿಸಿದರು. ಒಂದು ಎಳೆಯನ್ನು ಕೆರೆದು ನೋಡಿದೆ, ಕೆಂಪಾಗಿಯೇ ಇತ್ತು. ಎಳೆ ಎಣಿಸುವಾಗ ಅಂಗಡಿಯ ಹುಡುಗ ನಗುತ್ತಿದ್ದ. 32 ಬಂದ ಮೇಲೆ ಅವನೂ ಎಣಿಸಿದ. ಪರವಾನಗಿ ಸಂಖ್ಯೆ ಆ್ಯಪಿನಲ್ಲಿ ಸಿಕ್ಕಿತು. ಐಪಿ 65ರ ಪೆಟ್ಟಿಗೆ ಗೇಟಿಗೆ ಒಂದೇ ಕೊಂಡೆ, ಮರಕ್ಕೆ ಚೌಬಾರಾದವರ ಎಣ್ಣೆ ಕ್ಯಾನು.

ಎಲೆಕ್ಟ್ರಿಷಿಯನ್ ಬಂದು ನೋಡಿದಾಗ ನಮ್ಮ ಮೀಟರ್ ಬೋರ್ಡಿನಲ್ಲಿ ಆರ್‌ಸಿಸಿಬಿಯೇ ಇರಲಿಲ್ಲ. ಅದನ್ನೂ ಆರು ಆಂಪಿಯರಿನ ಎಂಸಿಬಿಯನ್ನೂ ಹಾಕಿಸಿದ್ದರಿಂದ ಮೂರು ಸಾವಿರದ ಗೆರೆ ದಾಟಿತು. ಇಪ್ಪತ್ತು ಮೀಟರ್ ರೋಪ್ ಲೈಟಿನ ಜೊತೆಗೆ ಇನ್ನೂ ಹತ್ತು ಮೀಟರ್ ಕೊಳ್ಳುವ ಆಸೆಯಿತ್ತು, ಅದನ್ನು ಬಿಟ್ಟೆ. ನಿನ್ನೆ ಸಂಜೆ ದೀಪ ಹಚ್ಚಿ, ವೈರ್‌ಮನ್‌ರು ಹೇಳುವ ಮೊದಲೇ, ಆರ್‌ಸಿಸಿಬಿಯ ‘ಟಿ’ ಗುಂಡಿ ಒತ್ತಿದೆ. ಠಕ್ಕೆಂದು ಇಡೀ ಮನೆ ಕತ್ತಲಾಯಿತು. ಟಿವಿ ನೋಡುತ್ತಿದ್ದ ತಾಯಿಯವರು ಒಳಗಿನಿಂದ ಕೂಗಿದರು. ಅದನ್ನು ಇಡೀ ಮನೆಗೆ ಹಾಕಿಸದೆ ಹೊರಗಿನ ಲೈನಿಗಷ್ಟೇ ಪ್ರತ್ಯೇಕವಾಗಿ ಹಾಕಿಸಬಹುದಿತ್ತೇ?

ಹಳೆಯ ವೈರ್‌ಮನ್ (ಕಲಬುರಗಿ)

ಹಾಕಿಸಬಹುದಿತ್ತು, ಆದರೆ ಸ್ನಾನದ ಮನೆಯ ಗೀಜರಿಗೂ ಅದು ಬೇಕೇ ಬೇಕು. ಇದ್ದಲ್ಲೇ ಇರಲಿ. ತಿಂಗಳಿಗೊಮ್ಮೆ ಆ ಗುಂಡಿ ಒತ್ತುತ್ತಿರಿ, ಒತ್ತುವ ಮೊದಲು ತಾಯಿಯವರಿಗೆ ಹೇಳಿ. ಜನವರಿಯಲ್ಲಿ ಕೇಬಲ್ ಇಳಿಸಿದ ಮೇಲೆ ಮೊಳಕೈಗೆ ಬಿಗಿಯಾಗಿ ಸುತ್ತಬೇಡಿ, ದೊಡ್ಡ ಬಳೆಯಂತೆ ಸಡಿಲವಾಗಿ ಸುತ್ತಿ ಇಲಿ ಸುಳಿಯದ ಡಬ್ಬದಲ್ಲಿಡಿ. ಮಹಡಿಯ ತಗಡಿನ ಶೀಟಿನ ಕೆಳಗಂತೂ ಬೇಡ, ಮೇ ತಿಂಗಳಲ್ಲಿ ಅಲ್ಲಿ ಪಿವಿಸಿ ಬೇಯುತ್ತದೆ.